ತಮ್ಮನ ಮೋಟಾರಿನ ಮ್ಯಾಗ್ನೆಟ್, ಕರಾವಳಿಯ ಕಪ್ಪು ಮರಳು

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ನನ್ನ ತಮ್ಮ ಹೊಸೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. 2025ರಲ್ಲಿ ಚೀನಾದಿಂದ ಮ್ಯಾಗ್ನೆಟ್ ಬರಲಿಲ್ಲವೆಂದು ಹನ್ನೆರಡು ದಿನ ಲೈನ್ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಕಾಂಟ್ರಾಕ್ಟ್ ಹುಡುಗರಿಗೆ ಆ ದಿನಗಳ ಸಂಬಳವೂ ಇಲ್ಲ. ಮತ್ತೆ ಯಾವಾಗ ನಿಲ್ಲಿಸುತ್ತಾರೋ ಎಂಬ ಹೆದರಿಕೆ ಅವನಿಗೆ ಹೋಗಿಲ್ಲ. ನಮ್ಮ ಸ್ಟಾಫ್ ರೂಮಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು "ಕೇರಳ, ಒಡಿಶಾ ಸಮುದ್ರ ತೀರದಲ್ಲಿ ಲೋಕಕ್ಕೇ ಸಾಲುವಷ್ಟು ರೇರ್ ಅರ್ತ್ ಬಿದ್ದಿದೆ, ಪರಿಸರದವರು ಅಗೆಯಲು ಬಿಡುತ್ತಿಲ್ಲ" ಎಂದು ಹಾಕಿದರು. ಮಾರನೆಯ ದಿನ ಇನ್ನೊಬ್ಬರು ಚೀನಾದ ಕಪ್ಪು ಕೆರೆಯೊಂದರ ವಿಡಿಯೊ ಹಾಕಿ, "ನಿಮ್ಮ ಹಸಿರು ಸ್ಕೂಟರಿನ ಹಿಂದೆ ಇರುವುದು ಇದು" ಎಂದರು. ಹೋದ ಯುಗಾದಿಗೆ ನಾನೂ ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಆ ವಿಡಿಯೊ ನೋಡಿದ ಮೇಲೆ ಚಾರ್ಜಿಗೆ ಹಾಕುವಾಗಲೆಲ್ಲ ಕಸಿವಿಸಿ. ಯಾವುದು ನಿಜ? ನಮ್ಮಲ್ಲೇ ಅಗೆದರೆ ನಮ್ಮ ತೀರವೂ ಹಾಗೇ ಆಗುತ್ತದೆಯೆ? ತಮ್ಮನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ, ತಮ್ಮನ ಸಂಬಳದ್ದು ಒಂದು, ನಿಮ್ಮ ಮನಸ್ಸಾಕ್ಷಿಯದ್ದು ಇನ್ನೊಂದು. ಬೇರೆಬೇರೆಯಾಗಿ ಕಂಡರೂ ಎರಡಕ್ಕೂ ಬೇರು ಒಂದೇ. ನಾನು ಇಪ್ಪತ್ತೆಂಟು ವರ್ಷ ಖನಿಜ ಸಂಸ್ಕರಣೆಯಲ್ಲಿ, ಅದರಲ್ಲೂ ಹೆಚ್ಚು ಕಾಲ ಲೋಹಗಳನ್ನು ದ್ರಾವಣದಿಂದ ಬೇರ್ಪಡಿಸುವ ಘಟಕಗಳಲ್ಲಿ ಕಳೆದವಳು. ನಿಮ್ಮ ಗುಂಪಿಗೆ ಬಂದ ಎರಡೂ ಸಂದೇಶಗಳಲ್ಲಿ ಅರ್ಧರ್ಧ ನಿಜವಿದೆ. ಬಿಟ್ಟುಹೋದ ಅರ್ಧ ಎರಡರಲ್ಲೂ ಒಂದೇ: ಅದಿರಿನಿಂದ ಲೋಹ ತೆಗೆದ ಮೇಲೆ ಉಳಿಯುವ ಗಸಿಯನ್ನು ಯಾರು, ಎಲ್ಲಿ, ಎಷ್ಟು ಕಾಲ ಕಾಯುತ್ತಾರೆ ಎಂಬುದು. ಚೀನಾದ ಹಿಡಿತ ಹುಟ್ಟಿದ್ದು ಅಲ್ಲಿ. ನಾವು ಹಿಂದೆ ಬಿದ್ದದ್ದೂ, ಇನ್ನು ಮುಂದೆ ಎಡವಬಹುದಾದದ್ದೂ ಅಲ್ಲೇ.

ಮೊದಲು ಹೆಸರಿನ ಗೊಂದಲ ತೀರಿಸಿಬಿಡೋಣ. ರೇರ್ ಅರ್ತ್ ಎಂದರೆ 17 ಧಾತುಗಳ ಒಂದು ಕುಟುಂಬ: ಲ್ಯಾಂಥನಮ್‌ನಿಂದ ಲುಟೀಷಿಯಂವರೆಗಿನ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. 1787ರಲ್ಲಿ ಸ್ವೀಡನ್ನಿನ ಇಟ್ಟರ್‌ಬಿ ಎಂಬ ಊರಿನ ಕಲ್ಲುಗಣಿಯಲ್ಲಿ ಸಿಕ್ಕ ಒಂದು ಕರಿಕಲ್ಲಿನಿಂದ ಈ ಕಥೆ ಶುರು. ಆಗ ಅಪರೂಪ ಅನ್ನಿಸಿತು, ಹೆಸರು ಅಂಟಿಕೊಂಡಿತು. ಆದರೆ ಈ ಕುಟುಂಬದ ಸೀರಿಯಂ ಭೂಮಿಯ ಮೇಲ್ಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಇನ್ನೊಂದು ಮಾತು. ಲಿಥಿಯಂ, ಕೋಬಾಲ್ಟ್ ಈ ಕುಟುಂಬದವಲ್ಲ. ಮಂಡ್ಯದ ಮಾರ್ಲಗಲ್ಲದಲ್ಲಿ ಪತ್ತೆಯಾಯಿತೆಂದು ಸುದ್ದಿಯಾದದ್ದು ಲಿಥಿಯಂ. ಅದು ಬ್ಯಾಟರಿಯ ವಿಷಯ. ತಮ್ಮನ ಲೈನ್ ನಿಂತದ್ದು ಬ್ಯಾಟರಿಗಲ್ಲ, ಮೋಟಾರಿನ ಒಳಗಿನ ಆಯಸ್ಕಾಂತಕ್ಕೆ.

ಆ ಆಯಸ್ಕಾಂತವನ್ನು ಕೈಯಲ್ಲಿ ಹಿಡಿದು ನೋಡಿದರೆ ಇಷ್ಟೆಲ್ಲ ಗಲಾಟೆ ಇದಕ್ಕೋ ಅನ್ನಿಸುತ್ತದೆ. ಬೆಳ್ಳಿ ಬಣ್ಣದ ನಿಕ್ಕಲ್ ಲೇಪದ, ಅರ್ಧ ಬಿಸ್ಕತ್ತಿನಷ್ಟಿರುವ ಪಟ್ಟಿಗಳು. ಎರಡನ್ನು ಹತ್ತಿರ ತಂದರೆ ಚರ್ಮ ಸಿಕ್ಕಿಸಿಕೊಂಡು ರಕ್ತ ಬರಿಸುವಷ್ಟು ಸೆಳೆತ. ನೆಲಕ್ಕೆ ಬಿದ್ದರೆ ಪಿಂಗಾಣಿಯಂತೆ ಚೂರು. ಕಬ್ಬಿಣ, ಬೋರಾನ್, ಮತ್ತು ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ನಿಯೋಡೈಮಿಯಂ ಹಾಗೂ ಅದರ ಜೊತೆಗಾರ ಪ್ರೇಸಿಯೋಡೈಮಿಯಂ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಕೊಂಡ ಮಿಶ್ರಣ ಇದು. ಮೋಟಾರ್ ಬಿಸಿಯಾದಾಗ ಇದರ ಶಕ್ತಿ ಕುಗ್ಗುತ್ತದೆ. ಕುಗ್ಗದಿರಲಿ ಎಂದು ಚಿಟಿಕೆಯಷ್ಟು ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಸ್ಕೂಟರಿಗೆ ಕೆಲವು ನೂರು ಗ್ರಾಂ ಮ್ಯಾಗ್ನೆಟ್ ಸಾಕು, ಕಾರಿಗೆ ಒಂದೆರಡು ಕಿಲೋ ಬೇಕು. ಚಿಟಿಕೆಯ ಆ ಡಿಸ್ಪ್ರೋಸಿಯಂ ನೆನಪಿಟ್ಟುಕೊಳ್ಳಿ. ಅದರ ಕಥೆಯೇ ಎಲ್ಲಕ್ಕಿಂತ ನೋವಿನದು.

ಈಗ ಅಸಲು ಕಷ್ಟಕ್ಕೆ ಬರುತ್ತೇನೆ. ಈ ಧಾತುಗಳು ಅದಿರಿನಲ್ಲಿ ಒಂದೊಂದಾಗಿ ಸಿಗುವುದಿಲ್ಲ, ಇಡೀ ಕುಟುಂಬ ಒಟ್ಟಿಗೇ ಬರುತ್ತದೆ. ರಾಸಾಯನಿಕವಾಗಿ ಅಣ್ಣತಮ್ಮಂದಿರಂತೆ ಒಬ್ಬರನ್ನೊಬ್ಬರು ಹೋಲುತ್ತವೆ. ನಿಯೋಡೈಮಿಯಂ ಮತ್ತು ಪ್ರೇಸಿಯೋಡೈಮಿಯಂ ಅಯಾನುಗಳ ಗಾತ್ರದಲ್ಲಿರುವ ವ್ಯತ್ಯಾಸ ಕೂದಲೆಳೆಗೂ ಸಾಟಿಯಲ್ಲ. ಹಾಗಾಗಿ ಅದಿರನ್ನು ಆಮ್ಲದಲ್ಲೋ ಕ್ಷಾರದಲ್ಲೋ ಕರಗಿಸಿ, ಆ ದ್ರಾವಣವನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ರಾಸಾಯನಿಕದ ಜೊತೆ ಕಲಕಿ, ಬಿಟ್ಟು, ಮೇಲಿನ ಪದರ ಮುಂದಕ್ಕೆ, ಕೆಳಗಿನ ಪದರ ಹಿಂದಕ್ಕೆ ಹರಿಸುತ್ತಾರೆ. ಒಂದು ತೊಟ್ಟಿಯಲ್ಲಿ ಆಗುವ ಬೇರ್ಪಡೆ ಅಷ್ಟಕ್ಕಷ್ಟೆ. ಅದಕ್ಕೇ ನೂರಾರು ತೊಟ್ಟಿಗಳ ಸಾಲು. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಈ ಸಾಲು ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ಉದ್ದವಿತ್ತು. ಒಂದು ಕೊನೆಯಲ್ಲಿ ತಿಳಿಗುಲಾಬಿ ದ್ರಾವಣ, ಇನ್ನೊಂದು ಕೊನೆಗೆ ಹೋಗುವಷ್ಟರಲ್ಲಿ ಹಸಿರು. ಸಂಜೆ ಮನೆಗೆ ಬಂದರೆ ಸೀರೆಯಿಂದ ಸೀಮೆಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಸಾಲಿನ ನಡುವೆ ಎಲ್ಲೋ ಒಂದು ಪಂಪ್ ಅರ್ಧ ಗಂಟೆ ನಿಂತರೆ ಇಡೀ ಸಾಲಿನ ಸಮತೋಲ ಕೆಟ್ಟು, ಮತ್ತೆ ಶುದ್ಧ ಸರಕು ಬರಲು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಈ ಕೈಗುಣ ಪುಸ್ತಕ ಓದಿ ಬರುವಂಥದ್ದಲ್ಲ. ಪ್ರತಿ ತೊಟ್ಟಿಯೂ ಏನಾದರೊಂದು ಉಳಿಸುತ್ತದೆ: ಉಪ್ಪುನೀರು, ಅಮೋನಿಯಾ, ಗಸಿ. ಅದಿರಿನಲ್ಲಿ ವಿಕಿರಣ ಸೂಸುವ ಥೋರಿಯಂ ಇದ್ದರೆ ಅದೂ ಒಂದು ಕಡೆ ಬಂದು ಕೂರುತ್ತದೆ.

1960ರ ದಶಕದಿಂದ 80ರ ದಶಕದವರೆಗೆ ಈ ವಿದ್ಯೆಯಲ್ಲಿ ಮುಂದಿದ್ದವರು ಅಮೆರಿಕದವರು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯೊಂದೇ ಲೋಕದ ಬಹುಪಾಲು ಬೇಡಿಕೆ ಪೂರೈಸುತ್ತಿತ್ತು. 1990ರ ದಶಕದಲ್ಲಿ ಅಲ್ಲಿನ ತ್ಯಾಜ್ಯನೀರಿನ ಕೊಳವೆಗಳು ಮರುಭೂಮಿಯಲ್ಲಿ ಮತ್ತೆ ಮತ್ತೆ ಸೋರಿದವು, ವಿಕಿರಣ ಇರುವ ನೀರು ಮರಳಿಗೆ ಇಳಿಯಿತು, ಕೇಸುಗಳಾದವು. ಅದೇ ಹೊತ್ತಿಗೆ ಚೀನಾದ ಸರಕು ಅಗ್ಗಕ್ಕೆ ಬರುತ್ತಿತ್ತು. 2002ರಲ್ಲಿ ಗಣಿ ಮುಚ್ಚಿತು. ಚೀನಾದಲ್ಲಿ ಪೆಕಿಂಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಶು ಗುವಾಂಗ್‌ಶಿಯನ್ 1970ರ ದಶಕದಲ್ಲಿ ಈ ತೊಟ್ಟಿಗಳ ಸಾಲನ್ನು ಲೆಕ್ಕ ಹಾಕಿ ವಿನ್ಯಾಸ ಮಾಡುವ ವಿಧಾನ ರೂಪಿಸಿದ್ದರು. ಅದು ಊರೂರಿನ ಸಣ್ಣ ಕಾರ್ಖಾನೆಗಳವರೆಗೂ ಹಬ್ಬಿತು. ಮಧ್ಯಪ್ರಾಚ್ಯಕ್ಕೆ ತೈಲವಿದ್ದಂತೆ ನಮಗೆ ರೇರ್ ಅರ್ತ್ ಎಂದು ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ 1992ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಜನರಲ್ ಮೋಟಾರ್ಸ್ ತಾನೇ ಹುಟ್ಟುಹಾಕಿದ್ದ ಮ್ಯಾಗ್ನೆಟ್ ಕಂಪನಿ ಮ್ಯಾಗ್ನೆಕ್ವೆಂಚ್ 1995ರಲ್ಲಿ ಚೀನೀ ಪಾಲುದಾರರಿದ್ದ ಗುಂಪಿನ ಕೈಸೇರಿತು. ಕೆಲವೇ ವರ್ಷಗಳಲ್ಲಿ ಅದರ ಯಂತ್ರಗಳೂ ಸಮುದ್ರ ದಾಟಿದವು. ಇವತ್ತು ಗಣಿಗಾರಿಕೆಯಲ್ಲಿ ಚೀನಾದ ಪಾಲು ಮೂರನೇ ಎರಡರಷ್ಟು. ಬೇರ್ಪಡಿಸುವುದರಲ್ಲಿ, ಮ್ಯಾಗ್ನೆಟ್ ಮಾಡುವುದರಲ್ಲಿ ಶೇಕಡಾ 90ರ ಆಸುಪಾಸು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ನಿಮ್ಮ ಮೊದಲ ವಾಟ್ಸ್‌ಆ್ಯಪ್ ಸಂದೇಶಕ್ಕೆ ಅರ್ಧ ಉತ್ತರವಿದೆ. ಅಗೆಯುವವರು ಬೇರೆಡೆಯೂ ಇದ್ದಾರೆ; ಬೇರ್ಪಡಿಸುವವರು ತೀರ ಕಡಿಮೆ. ಮೌಂಟನ್ ಪಾಸ್ ಮತ್ತೆ ತೆರೆದ ಮೇಲೂ ಅಲ್ಲಿನ ಅದಿರು ವರ್ಷಗಟ್ಟಲೆ ಚೀನಾಕ್ಕೇ ಹೋಗುತ್ತಿತ್ತು.

ಅಗ್ಗದ ಬೆಲೆಯಲ್ಲಿ ಕೌಶಲದ ಪಾಲು ದೊಡ್ಡದು, ಒಪ್ಪುತ್ತೇನೆ. ಆದರೆ ಬಿಲ್ಲಿನಲ್ಲಿ ಕಾಣದ ಪಾಲೂ ಇತ್ತು. ನೀವು ನೋಡಿದ ಕಪ್ಪು ಕೆರೆ ಬಹುಶಃ ಒಳಮಂಗೋಲಿಯಾದ ಬಾವೊಟೌ ನಗರದ ಹೊರಗಿನದು. ಅದು ನಿಜವಾದ ಜಾಗ, ಕಟ್ಟುಕಥೆಯಲ್ಲ. ಬಯಾನ್ ಒಬೊ ಗಣಿಯ ಅದಿರು ಸಂಸ್ಕರಿಸಿ ಉಳಿದ ಕೆಸರನ್ನು 1960ರ ದಶಕದಿಂದ ಅಲ್ಲಿ ತುಂಬುತ್ತ ಬಂದಿದ್ದಾರೆ. ವಿಸ್ತಾರ ಸುಮಾರು 10 ಚದರ ಕಿಲೋಮೀಟರ್. ತಳಕ್ಕೆ ಹಾಸು ಹಾಕದೆ ಕಟ್ಟಿದ್ದರಿಂದ ಫ್ಲೋರೈಡ್ ಮತ್ತಿತರ ಲವಣಗಳು ಅಂತರ್ಜಲಕ್ಕೆ ಇಳಿದವು. ಸುತ್ತಲಿನ ಹಳ್ಳಿಗಳವರು ಹೊಲ ಬಿಟ್ಟು ಎದ್ದರು. ಹಳದಿ ನದಿ ಅಲ್ಲಿಂದ ದೂರವೇನಿಲ್ಲ. ಒಂದು ತಿದ್ದುಪಡಿ ಮಾತ್ರ ಬೇಕು: ಬಯಾನ್ ಒಬೊ ಮೂಲತಃ ಕಬ್ಬಿಣದ ಗಣಿ, ರೇರ್ ಅರ್ತ್ ಅದರ ಜೊತೆ ಬರುವ ಸರಕು. ಆ ಕೆರೆಯ ಪಾಪದಲ್ಲಿ ಉಕ್ಕಿಗೂ ಪಾಲಿದೆ, ಎಲ್ಲವನ್ನೂ ಸ್ಕೂಟರಿನ ತಲೆಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಕೆಜಿಎಫ್‌ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಊರ ನಡುವೆ ನಿಂತೇ ಇವೆ, ಬೇಸಿಗೆಯ ಗಾಳಿಗೆ ಅವುಗಳ ಧೂಳು ಮನೆಗಳ ಒಳಗೆ ಬಂದು ಕೂರುತ್ತದೆ. ಲಾಭ ಒಬ್ಬರ ಕಾಲಕ್ಕೆ, ಗಸಿ ಮುಂದಿನವರ ಕಾಲಕ್ಕೆ.

ನನ್ನನ್ನು ಬಾವೊಟೌಗಿಂತ ಹೆಚ್ಚು ಕಾಡುವುದು ವಿಡಿಯೊಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಜಾಗ. ಆಗ ಹೇಳಿದ ಚಿಟಿಕೆ ಡಿಸ್ಪ್ರೋಸಿಯಂ ಬರುವುದು ಬಂಡೆಯಿಂದಲ್ಲ, ದಕ್ಷಿಣ ಚೀನಾದ ಗುಡ್ಡಗಳ ಕೆಂಪು ಜೇಡಿಮಣ್ಣಿನಿಂದ. ಅಲ್ಲಿ ಯಾರೂ ಗುಡ್ಡ ಅಗೆಯುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಸಾಲಾಗಿ ತೂತು ಕೊರೆದು, ಪ್ಲಾಸ್ಟಿಕ್ ಕೊಳವೆ ಇಳಿಸಿ, ಅಮೋನಿಯಂ ಸಲ್ಫೇಟ್ ನೀರು ತುಂಬುತ್ತಾರೆ. ಹೌದು, ನಮ್ಮ ರೈತರು ಗದ್ದೆಗೆ ಹಾಕುವ ಅದೇ ಗೊಬ್ಬರ. ಅದು ಮಣ್ಣಿನೊಳಗೆ ಇಳಿಯುತ್ತ ಲೋಹವನ್ನು ಬಿಡಿಸಿಕೊಂಡು ಗುಡ್ಡದ ಬುಡದಲ್ಲಿ ಒಸರುತ್ತದೆ. ಬುಡದಲ್ಲಿ ಗುಂಡನೆಯ ಕೊಳಗಳು. ಸಿಕ್ಕಷ್ಟು ಹಿಡಿದರು, ಸಿಗದಷ್ಟು ಹಳ್ಳಕ್ಕೆ ಹೋಯಿತು. ನೆನೆದ ಗುಡ್ಡ ಮಳೆಗಾಲದಲ್ಲಿ ಜಾರುತ್ತದೆ. ಜಿಯಾಂಗ್ಷಿ ಪ್ರಾಂತ್ಯದ ಗಾಂಝೌ ಸುತ್ತಮುತ್ತ ಹೀಗೆ ಕೆಟ್ಟ ನೆಲವನ್ನು ಸರಿಪಡಿಸಲು 38 ಶತಕೋಟಿ ಯುವಾನ್ ಬೇಕು ಎಂದು 2012ರಲ್ಲಿ ಚೀನಾ ಸರ್ಕಾರದ ಅಧಿಕಾರಿಗಳೇ ಲೆಕ್ಕ ಕೊಟ್ಟರು. ಆ ಪ್ರದೇಶದ ಇಡೀ ಉದ್ಯಮದ ಒಂದು ವರ್ಷದ ಲಾಭಕ್ಕಿಂತ ಎಷ್ಟೋ ದೊಡ್ಡ ಮೊತ್ತವದು.

ಆಮೇಲೆ ಚೀನಾ ತನ್ನ ನೆಲದಲ್ಲಿ ಬಿಗಿ ಮಾಡಿತು. ಅದನ್ನು ಮೆಚ್ಚಬೇಕು. ಆದರೆ ಕೊಳಗಳು ಮಾಯವಾಗಲಿಲ್ಲ, ಗಡಿ ದಾಟಿದವು. ಮ್ಯಾನ್ಮಾರಿನ ಕಚಿನ್ ರಾಜ್ಯದ ಪಾಂಗ್ವಾ, ಚಿಪ್ವಿ ಕಡೆಯ ಬೆಟ್ಟಗಳಲ್ಲಿ 2,700ಕ್ಕೂ ಹೆಚ್ಚು ಇಂಥ ಕೊಳಗಳನ್ನು ಗ್ಲೋಬಲ್ ವಿಟ್ನೆಸ್ ಸಂಸ್ಥೆ 2022ರಲ್ಲಿ ಉಪಗ್ರಹ ಚಿತ್ರಗಳಲ್ಲಿ ಎಣಿಸಿತು. ಅಲ್ಲಿ ಪರಿಸರ ಇಲಾಖೆ ಎಂಬುದಿಲ್ಲ. ಬಂದೂಕು ಯಾರ ಕೈಯಲ್ಲಿದೆಯೋ ಅವರದೇ ಪರವಾನಗಿ. 2024ರ ಅಕ್ಟೋಬರಿನಲ್ಲಿ ಕಚಿನ್ ಇಂಡಿಪೆಂಡೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಪಾಂಗ್ವಾ ವಶಪಡಿಸಿಕೊಂಡಾಗ ಲೋಕದ ಡಿಸ್ಪ್ರೋಸಿಯಂ ಮಾರುಕಟ್ಟೆಯೇ ನಡುಗಿತು, ಏಕೆಂದರೆ ಚೀನಾದ ಘಟಕಗಳಿಗೆ ಹೋಗುವ, ಡಿಸ್ಪ್ರೋಸಿಯಂ, ಟರ್ಬಿಯಂನಂಥ ಭಾರವರ್ಗದ ಕಚ್ಚಾ ಸರಕಿನ ಬಹುಭಾಗ ಅಲ್ಲಿಂದಲೇ. ಭೂಪಟ ತೆಗೆದು ನೋಡಿ, ಕಚಿನ್ ನಮ್ಮ ಅರುಣಾಚಲಕ್ಕೆ ಅಂಟಿಕೊಂಡಿದೆ. ಇದು ದೂರದ ದೇಶದ ಸಂಗತಿಯಲ್ಲ.

ಈಗ ನಿಮ್ಮ ತಮ್ಮನ ಹನ್ನೆರಡು ದಿನ. ಚೀನಾ ಈ ಹಿಡಿತವನ್ನು ಮೊದಲು ಬಳಸಿದ್ದು 2010ರಲ್ಲಿ. ಸೆಪ್ಟೆಂಬರಿನಲ್ಲಿ ಜಪಾನ್, ಚೀನಾ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನೀ ಮೀನುದೋಣಿಯೊಂದು ಜಪಾನಿನ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆಯಿತು, ಜಪಾನ್ ಕ್ಯಾಪ್ಟನ್‌ನನ್ನು ಬಂಧಿಸಿತು, ಜಪಾನಿಗೆ ಹೋಗುವ ರೇರ್ ಅರ್ತ್ ಹಡಗುಕಟ್ಟೆಯಲ್ಲೇ ನಿಂತಿತು. ಬೆಲೆ ಹುಚ್ಚೆದ್ದಿತು, ಡಿಸ್ಪ್ರೋಸಿಯಂ ಮರುವರ್ಷದ ಹೊತ್ತಿಗೆ ಹತ್ತು ಪಟ್ಟಿಗೂ ಮೇಲೇರಿತು. ಜಪಾನ್ ಪಾಠ ಕಲಿತು ಆಸ್ಟ್ರೇಲಿಯಾದ ಲೈನಸ್ ಎಂಬ ರೇರ್ ಅರ್ತ್ ಕಂಪನಿಗೆ ಹಣ ಹಾಕಿತು, ದಾಸ್ತಾನು ಇಟ್ಟಿತು, ಹದಿನೈದು ವರ್ಷ ಬಿಡದೆ ಬೆವರು ಸುರಿಸಿ ಚೀನಾದ ಮೇಲಿನ ಅವಲಂಬನೆಯನ್ನು ಶೇಕಡಾ 90ರಿಂದ 60ರ ಆಸುಪಾಸಿಗೆ ಇಳಿಸಿತು. ಜಪಾನಿನಂಥ ಶಿಸ್ತಿನ ದೇಶಕ್ಕೆ ಇಷ್ಟೇ ಸಾಧ್ಯವಾಗಿದೆ. "ಎರಡು ವರ್ಷದಲ್ಲಿ ಚೀನಾವನ್ನು ಮೀರಿಸುತ್ತೇವೆ" ಎನ್ನುವವರ ಭಾಷಣ ಕೇಳುವಾಗ ಇದು ನೆನಪಿರಲಿ.

2025ರ ಏಪ್ರಿಲ್ 4ರಂದು, ಅಮೆರಿಕದ ಸುಂಕಕ್ಕೆ ಎದುರೇಟಾಗಿ, ಚೀನಾ ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಇಟ್ರಿಯಂ ಈ ಏಳು ಧಾತುಗಳಿಗೂ ಇವು ಸೇರಿದ ಮ್ಯಾಗ್ನೆಟ್‌ಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಇದು ನಿಷೇಧವಲ್ಲ, ಅರ್ಜಿ ಹಾಕಿ ಕಾಯಿಸುವ ಪದ್ಧತಿ. ಮ್ಯಾಗ್ನೆಟ್ ಯಾವ ಗಾಡಿಗೆ ಹೋಗುತ್ತದೆ, ಸೇನೆಗೆ ಹೋಗುವುದಿಲ್ಲವೇ ಎಂದು ಬರೆದುಕೊಡಬೇಕು. ನಮ್ಮ ಕಂಪನಿಗಳ ಪತ್ರಕ್ಕೆ ಇಲ್ಲಿನ ಸಚಿವಾಲಯಗಳ ಸಹಿ, ಚೀನೀ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ಬೀಜಿಂಗಿನಲ್ಲಿ ಕಾಯುವ ಸರದಿ. ಚಿಟಿಕೆ ಡಿಸ್ಪ್ರೋಸಿಯಂ ಇದೆ ಎಂಬ ಕಾರಣಕ್ಕೆ ಇಡೀ ಮ್ಯಾಗ್ನೆಟ್ ತಡೆಗೆ ಸಿಕ್ಕಿಬಿತ್ತು. ಷಿಕಾಗೋದ ಫೋರ್ಡ್ ಘಟಕವೂ ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ಉತ್ಪಾದನೆಯೂ ಆ ಬೇಸಿಗೆಯಲ್ಲಿ ಕೆಲದಿನ ನಿಂತವು. ತಮ್ಮನಿಗೆ ಹೇಳಿ, ಅವನು ಒಬ್ಬನೇ ಆಗಿರಲಿಲ್ಲ. ಅಕ್ಟೋಬರ್ 9ರಂದು ಪಟ್ಟಿಗೆ ಇನ್ನೂ ಐದು ಧಾತುಗಳು ಸೇರಿದವು. ತಿಂಗಳ ಕೊನೆಗೆ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಟ್ರಂಪ್ ಮತ್ತು ಷಿ ಭೇಟಿಯಾದ ಮೇಲೆ ಆ ಎರಡನೇ ಸುತ್ತನ್ನು ಒಂದು ವರ್ಷಕ್ಕೆ ತಡೆಹಿಡಿದರು. ಏಪ್ರಿಲ್‌ನ ನಿಯಮ ಮಾತ್ರ ಹಾಗೇ ಉಳಿಯಿತು. ಅಂದರೆ ಉಸಿರು ಬಿಡಲು ಸ್ವಲ್ಪ ಸಮಯ ಸಿಕ್ಕಿದೆಯೇ ಹೊರತು ಗಂಟಲ ಮೇಲಿನ ಕೈ ತೆಗೆದಿಲ್ಲ.

ಇನ್ನು ನಮ್ಮ ಮರಳು. ಹಳ್ಳಿಯ ಹಿರಿಯರಿಗೆ ಗ್ಯಾಸ್‌ಲೈಟ್ ನೆನಪಿರುತ್ತದೆ. ಯಕ್ಷಗಾನದ ಬಯಲಿನಲ್ಲಿ, ಮದುವೆಯ ದಿಬ್ಬಣದಲ್ಲಿ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್. ಅದರೊಳಗಿನ ಬಲೆಯಂಥ ಮ್ಯಾಂಟಲ್ ಮೊದಲ ಸಲ ಹೊತ್ತಿಸಿದಾಗ ನೂಲೆಲ್ಲ ಸುಟ್ಟು, ಮುಟ್ಟಿದರೆ ಉದುರುವ ಬಿಳಿ ಬೂದಿಯ ಬುರುಡೆ ಉಳಿಯುತ್ತಿತ್ತಲ್ಲ, ಅದು ಥೋರಿಯಂ ಆಕ್ಸೈಡ್, ಜೊತೆಗೆ ಚೂರು ಸೀರಿಯಂ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋಗುತ್ತಿದ್ದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಥೋರಿಯಂ, ರೇರ್ ಅರ್ತ್ ಎರಡೂ ಇರುವ ಮೊನಜೈಟ್ ಎಂಬ ಖನಿಜದ ಹರಳುಗಳನ್ನು ಗುರುತಿಸಿ, ಜಾಡು ಹಿಡಿದು ಮಣವಾಳಕುರಿಚಿ ತೀರಕ್ಕೆ ಬಂದ. ಆಗ ಯುರೋಪಿಗೆ ಬೇಕಿದ್ದದ್ದು ದೀಪದ ಥೋರಿಯಂ. ರೇರ್ ಅರ್ತ್ ಆಗ ಎಸೆಯುವ ಭಾಗ. ಇವತ್ತು ಎಲ್ಲರಿಗೂ ಬೇಕಾದದ್ದು ಅವತ್ತು ಎಸೆದದ್ದು, ಎಸೆಯಲಾಗದೆ ಕಾಯಬೇಕಾದದ್ದು ಥೋರಿಯಂ.

ಕೇರಳದ ಚವರದ ತೀರದಲ್ಲಿ ನಿಂತು ಒಂದು ಹಿಡಿ ಕಪ್ಪು ಮರಳು ತೆಗೆದುಕೊಂಡು, ಕಾಗದದ ಮೇಲೆ ಹರಡಿ, ಬಲವಾದ ಮ್ಯಾಗ್ನೆಟ್ ಹಿಡಿದರೆ ಟೈಟಾನಿಯಂ ಅದಿರಾದ ಕರಿಯ ಇಲ್ಮನೈಟ್ ಬಹಳಷ್ಟು ಮೇಲೇಳುತ್ತದೆ. ಉಳಿದದ್ದರಲ್ಲಿ ಬೆಳಕಿಗೆ ಜೇನಿನಂತೆ ಹೊಳೆಯುವ ಉರುಟು ಕಾಳುಗಳೇ ಮೊನಜೈಟ್. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ರೇರ್ ಅರ್ತ್ ಆಕ್ಸೈಡ್, ಶೇಕಡಾ 8ರಿಂದ 10 ಥೋರಿಯಂ ಆಕ್ಸೈಡ್, ಸ್ವಲ್ಪ ಯುರೇನಿಯಂ. ಪರಮಾಣು ಇಂಧನ ಇಲಾಖೆಯ ಲೆಕ್ಕದಂತೆ ದೇಶದಲ್ಲಿ ಸುಮಾರು 1.3 ಕೋಟಿ ಟನ್ ಮೊನಜೈಟ್ ಇದೆ, ಅದರಲ್ಲಿ 72 ಲಕ್ಷ ಟನ್ನಿನಷ್ಟು ರೇರ್ ಅರ್ತ್ ಆಕ್ಸೈಡ್. ಆದರೆ 2024ರಲ್ಲಿ ನಾವು ತೆಗೆದದ್ದು 2,900 ಟನ್ ಎಂದು ಅಮೆರಿಕದ ಭೂಗರ್ಭ ಸಮೀಕ್ಷೆಯ ಅಂದಾಜು, ಇಡೀ ಲೋಕದ್ದು 3,90,000 ಟನ್. ಶೇಕಡಾ ಒಂದೂ ಇಲ್ಲ.

ಪರಿಸರದವರು ತಡೆದದ್ದಕ್ಕೆ ಹೀಗಾಯಿತೆ? ಹಾಗೆನ್ನುವುದು ಅನ್ಯಾಯ. ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಹುಟ್ಟಿದ್ದು 1950ರಲ್ಲಿ, ಕೇರಳದ ಆಲುವಾ ಘಟಕ 1952ರಲ್ಲಿ. ಚೀನಾಕ್ಕಿಂತ ಮೊದಲೇ ಹೊರಟವರು ನಾವು. ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಪರಮಾಣು ಕಾಯ್ದೆಯ ಅಡಿ ಬರುತ್ತದೆ, ಸರ್ಕಾರಿ ಸಂಸ್ಥೆಯ ಹೊರತು ಬೇರೆಯವರು ಮುಟ್ಟುವ ಹಾಗಿಲ್ಲ. ಅದು ತಪ್ಪೇನಲ್ಲ. ತಮಿಳುನಾಡಿನ ತೀರದಲ್ಲಿ ಖಾಸಗಿಯವರು ಮರಳು ಬಗೆದ ಕಥೆ, 2013ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ನಮ್ಮ ಸೋಲು ಆಮೇಲಿನ ಮೆಟ್ಟಿಲುಗಳದ್ದು. ಆಕ್ಸೈಡ್ ಮಾಡಿದೆವು, ಲೋಹ ಮಾಡಲಿಲ್ಲ, ಮ್ಯಾಗ್ನೆಟ್ ಮಾಡಲಿಲ್ಲ. ಕೊಳ್ಳುವವರು ಇಲ್ಲಿ ಇಲ್ಲದ್ದರಿಂದ ನಮ್ಮ ಸರಕು ವಿಶಾಖಪಟ್ಟಣದ ಜಪಾನೀ ಘಟಕದ ಮೂಲಕ ಜಪಾನಿಗೆ ಹೋಗುತ್ತಿತ್ತು. ಇನ್ನೊಂದು ತೊಡಕು ಪ್ರಕೃತಿ ಕೊಟ್ಟದ್ದು. ನಮ್ಮ ಮೊನಜೈಟಿನಲ್ಲಿ ಮೂರನೇ ಎರಡರಷ್ಟು ಲ್ಯಾಂಥನಮ್ ಮತ್ತು ಸೀರಿಯಂ, ಇವಕ್ಕೆ ಬೆಲೆಯಿಲ್ಲ; ನಿಯೋಡೈಮಿಯಂ ಸುಮಾರು ಐದನೇ ಒಂದು ಪಾಲು; ಡಿಸ್ಪ್ರೋಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಇಡೀ ತೀರ ಬಗೆದರೂ ಆ ಚಿಟಿಕೆಯ ಸಮಸ್ಯೆ ತೀರದು.

ನಮ್ಮ ತೀರ ಬಾವೊಟೌ ಆಗುತ್ತದೆಯೇ ಎಂದು ಕೇಳಿದಿರಿ. ಅದಿರು ಬೇರೆ, ವಿಧಾನ ಬೇರೆ, ಅಂಥ ಕೆರೆ ಆಗಲಾರದು. ವಿಕಿರಣದ ಬಗ್ಗೆಯೂ ಒಂದು ಹೆದರಿಕೆ ಇಳಿಸುತ್ತೇನೆ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಜನ ತಲೆತಲಾಂತರದಿಂದ ಈ ಮರಳಿನ ಮೇಲೆಯೇ ಮನೆ ಕಟ್ಟಿಕೊಂಡಿದ್ದಾರೆ. ಅಲ್ಲಿನ ಸುಮಾರು 70,000 ಜನರನ್ನು ವರ್ಷಗಟ್ಟಲೆ ಅನುಸರಿಸಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೈಸರ್ಗಿಕ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಮರಳಿನಲ್ಲಿ ಹರಡಿರುವ ಥೋರಿಯಂ ಒಂದು ಮಾತು. ಅದನ್ನೇ ಬೇರ್ಪಡಿಸಿ, ಸಾಂದ್ರ ಮಾಡಿ, ಪೀಪಾಯಿಗೆ ತುಂಬಿದಾಗ ಮಾತೇ ಬೇರೆ. ನಾವು ನೋಡಬೇಕಾದ ಕನ್ನಡಿ ಬಾವೊಟೌ ಅಲ್ಲ, ಮಲೇಷ್ಯಾದ ಬುಕಿತ್ ಮೇರಾ. ಇಪೋ ಪಟ್ಟಣದ ಹತ್ತಿರದ ಆ ಊರಿನಲ್ಲಿ ಮಿತ್ಸುಬಿಷಿ ಪಾಲುದಾರಿಕೆಯ ಘಟಕ 1982ರಿಂದ ಮೊನಜೈಟ್ ಸಂಸ್ಕರಿಸಿತು, ನಮ್ಮದೇ ಬಗೆಯ ಅದಿರು. ಥೋರಿಯಂ ಗಸಿಯನ್ನು ಸರಿಯಾಗಿ ಇಡಲಿಲ್ಲ. ಮಕ್ಕಳಲ್ಲಿ ರಕ್ತದ ಕ್ಯಾನ್ಸರ್, ಹುಟ್ಟು ಅಂಗವೈಕಲ್ಯ ಎಂದು ತಾಯಂದಿರು ಬೀದಿಗಿಳಿದರು, ಊರಿನವರು ಕೋರ್ಟಿಗೆ ಹೋದರು. 1994ರಲ್ಲಿ ಘಟಕ ಮುಚ್ಚಿತು. ಶುದ್ಧೀಕರಣಕ್ಕೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ವಿಧಾನ ಇಡೀ ಲೋಕಕ್ಕೆ ಗೊತ್ತಿತ್ತು. ಕೈಕೊಟ್ಟದ್ದು ಕಾವಲು.

ಇಲ್ಲೇ ನಾನು ಸರ್ಕಾರದ ಒಂದು ತೀರ್ಮಾನವನ್ನು ಖಂಡಿತವಾಗಿ ಒಪ್ಪುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಪರಮಾಣು ಖನಿಜ ಮತ್ತು ಆಯಕಟ್ಟಿನ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿತು. ರಕ್ಷಣೆಯ ತುರ್ತು ಕಾರಣ. ತುರ್ತು ನಿಜ, ತಮ್ಮನ ಹನ್ನೆರಡು ದಿನ ಅದರ ಸಾಕ್ಷಿ. ಆದರೆ ಕೇರಳದ ಆಲಪ್ಪಾಡಿನವರು ಕಡಲು ಮನೆಬಾಗಿಲಿಗೆ ಬಂತೆಂದು 2018ರ ಕೊನೆಯಿಂದ ಧರಣಿ ಕೂತದ್ದು, ಕನ್ಯಾಕುಮಾರಿಯ ಕಿಳ್ಳಿಯೂರಿನಲ್ಲಿ 1,144 ಹೆಕ್ಟೇರ್ ಗುತ್ತಿಗೆಯ ಸುದ್ದಿಗೆ ಮೀನುಗಾರರು ಎದ್ದದ್ದು ದೇಶದ್ರೋಹಕ್ಕಲ್ಲ. ಮರಳು ತೆಗೆದರೆ ಅಲೆ ಎಲ್ಲಿಗೆ ಬಂದು ಹೊಡೆಯುತ್ತದೆ ಎಂಬುದು ಅವರಿಗೆ ನಮ್ಮ ಮಾದರಿಗಳಿಗಿಂತ ಮೊದಲು ಗೊತ್ತಾಗುತ್ತದೆ. ನನ್ನ ಅನುಭವದಲ್ಲೇ ಒಂದು ಸೋರಿಕೆಯನ್ನು ಮೊದಲು ಹಿಡಿದದ್ದು ನಮ್ಮ ಉಪಕರಣವಲ್ಲ. ಹಿತ್ತಲ ಬಾವಿಯ ನೀರಿನ ರುಚಿ ಬದಲಾಗಿದೆ ಎಂದು ಗೇಟಿನ ಬಳಿ ಕೊಡ ಹಿಡಿದು ನಿಂತ ಒಬ್ಬ ಅಮ್ಮ. ನಮ್ಮ ಮೇಲಿನವರು ಅವರನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಮೂರನೇ ಸಲ ನೀರು ಪರೀಕ್ಷಿಸಿದಾಗ ಅವರು ಹೇಳಿದ್ದು ಸರಿಯಿತ್ತು. ಅಂಥ ಅಮ್ಮನ ಮಾತು ಕೇಳುವ ಒಂದೇ ಕಿಟಕಿ ಅಹವಾಲು ಸಭೆ. ಅದನ್ನು ಮುಚ್ಚಿದರೆ ಗಣಿ ಬೇಗ ಶುರುವಾಗಬಹುದು, ನಿಲ್ಲುವುದೂ ಅಷ್ಟೇ ಬೇಗ ಆದೀತು.

ಹಾಗಾದರೆ ದಾರಿಗಳೇನು? 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು, ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಇಲ್ಲೇ ಮಾಡುವ ಗುರಿ. ಸರಿಯಾದ ಮೆಟ್ಟಿಲಿಗೇ ಕೈ ಹಾಕಿದ್ದಾರೆ. ಅಪಾಯ ಬೆಲೆಯದ್ದು. ಮೌಂಟನ್ ಪಾಸ್ ಗಣಿಯನ್ನು ಮತ್ತೆ ತೆರೆದ ಮಾಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿ ಎದ್ದಿತು, ಏಕೆಂದರೆ ಹೊರಗಿನವರು ಕಾರ್ಖಾನೆ ಕಟ್ಟುವಷ್ಟರಲ್ಲಿ ಚೀನಾದ ಬೆಲೆ ಕುಸಿದಿತ್ತು. ಅಮೆರಿಕ ಈಗ ಅದೇ ಗಣಿಯ ಹೊಸ ಒಡೆಯರಿಗೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಖಾತರಿ ಕೊಟ್ಟಿರುವುದು ಅದಕ್ಕೇ. ಭತ್ತಕ್ಕೆ ಬೆಂಬಲ ಬೆಲೆ ಇದ್ದ ಹಾಗೆ ಎಂದುಕೊಳ್ಳಿ. ಅಂಥ ಖಾತರಿ ಇಲ್ಲದೆ ಸಬ್ಸಿಡಿ ಮಾತ್ರ ಕೊಟ್ಟರೆ ಐದು ವರ್ಷದ ಮೇಲೆ ಬೀಗ ಬೀಳುತ್ತದೆ ಎಂಬುದು ನನ್ನ ಆತಂಕ.

ಇನ್ನೊಂದು ದಾರಿ ಈ ಮ್ಯಾಗ್ನೆಟ್ಟೇ ಬೇಡದ ಮೋಟಾರ್. ಇದು ಕನಸಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಕಾರಿನ ಮೋಟಾರಿನಲ್ಲಿ ನಿಯೋಡೈಮಿಯಂ ಇರಲಿಲ್ಲ. ಈಗ ಬೆಂಗಳೂರಿನ ಕೆಲವು ಕಂಪನಿಗಳು ಕಬ್ಬಿಣದ ಆಕ್ಸೈಡಿನಿಂದ ಮಾಡುವ ಫೆರೈಟ್ ಮ್ಯಾಗ್ನೆಟ್ಟಿನ, ಇಲ್ಲವೆ ಮ್ಯಾಗ್ನೆಟ್ಟೇ ಇಲ್ಲದ ರಿಲಕ್ಟೆನ್ಸ್ ಬಗೆಯ ಮೋಟಾರ್ ಮಾಡುತ್ತಿವೆ. ತೂಕ ತುಸು ಹೆಚ್ಚು, ಸದ್ದು ತುಸು ಹೆಚ್ಚು, ನಿಯಂತ್ರಣದ ಸಾಫ್ಟ್‌ವೇರ್ ಜಾಣ್ಮೆಯದ್ದಿರಬೇಕು. ಸ್ಕೂಟರಿಗೆ, ಆಟೊಗೆ ಧಾರಾಳ ಸಾಕು ಎಂದು ನನ್ನ ಅಭಿಪ್ರಾಯ. ದೊಡ್ಡ ಗಾಳಿಯಂತ್ರಕ್ಕೆ, ಯುದ್ಧವಿಮಾನಕ್ಕೆ ಬೇರೆ ಲೆಕ್ಕ.

ಮರುಬಳಕೆಯನ್ನು ಎಲ್ಲರೂ ಹೊಗಳುತ್ತಾರೆ, ಯಾರೂ ಮಾಡುವುದಿಲ್ಲ. ಕಾರಣ ಸರಳ. ಹಳೆಯ ಮೋಟಾರ್ ಗುಜರಿಗೆ ಬಂದರೆ ತಾಮ್ರ ಬಿಚ್ಚಿಕೊಂಡು ಉಳಿದದ್ದನ್ನು ಕಬ್ಬಿಣದ ಜೊತೆ ಕುಲುಮೆಗೆ ಹಾಕುತ್ತಾರೆ, ನಿಯೋಡೈಮಿಯಂ ಕಿಟ್ಟದಲ್ಲಿ ಕಳೆದುಹೋಗುತ್ತದೆ. ಮ್ಯಾಗ್ನೆಟ್ಟನ್ನು ಬಿಸಿ ಮಾಡಿ ಶಕ್ತಿ ಇಳಿಸಿ, ಕೈಯಿಂದ ಬಿಡಿಸಿ ಕೊಟ್ಟರೆ ಕಿಲೋಗೆ ಇಷ್ಟು ಎಂದು ದರ ಸಿಕ್ಕ ದಿನ ಬೆಂಗಳೂರಿನ ಗುಜರಿ ಹುಡುಗರು ಯಾವ ಸರ್ಕಾರಿ ಯೋಜನೆಗಿಂತ ಬೇಗ ಅದನ್ನು ಕಲಿಯುತ್ತಾರೆ. ಹಳೆಯ ಹಾರ್ಡ್‌ಡಿಸ್ಕ್ ಒಂದನ್ನು ಬಿಚ್ಚಿ ನಿಮ್ಮ ಮಕ್ಕಳಿಗೆ ತೋರಿಸಿ. ಒಳಗೆ ಬಾಗಿದ ಎರಡು ಮ್ಯಾಗ್ನೆಟ್ ಇರುತ್ತವೆ, ಬೆರಳು ಜೋಪಾನ.

ನಿಮ್ಮ ಸ್ಕೂಟರ್ ಮಾರಬೇಡಿ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸುವವರು ಪೆಟ್ರೋಲ್ ಗಾಡಿಯಲ್ಲಿ ವರ್ಷಕ್ಕೆ ಸುಮಾರು ಇನ್ನೂರು ಲೀಟರ್ ಸುಡುತ್ತಾರೆ, ಹತ್ತು ವರ್ಷಕ್ಕೆ ಎರಡು ಸಾವಿರ. ಸುಟ್ಟದ್ದು ಮರಳಿ ಬಾರದು. ಮ್ಯಾಗ್ನೆಟ್ ಕೆಲವು ನೂರು ಗ್ರಾಂ, ಹತ್ತು ವರ್ಷದ ಮೇಲೂ ಹಾಗೇ ಇರುತ್ತದೆ. ಅಲ್ಲದೆ ಪೆಟ್ರೋಲೂ ಈ ಕುಟುಂಬದಿಂದ ದೂರವಿಲ್ಲ: ರಿಫೈನರಿಗಳಲ್ಲಿ ತೈಲ ಒಡೆಯುವ ಕ್ಯಾಟಲಿಸ್ಟ್‌ನಲ್ಲಿ ಲ್ಯಾಂಥನಮ್, ಗಾಡಿಯ ಹೊಗೆ ತೊಳೆಯುವ ಕನ್ವರ್ಟರ್‌ನಲ್ಲಿ ಸೀರಿಯಂ. ಆದರೆ ಆ ಕಸಿವಿಸಿಯನ್ನು ಪೂರ್ತಿ ಬಿಡಲೂಬೇಡಿ. ಗಾಡಿ ಸರ್ವೀಸಿಗೆ ಬಿಟ್ಟಾಗ, ಮೋಟಾರ್ ಹಾಳಾದರೆ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಕಂಪನಿಗೆ ಬರೆಯಿರಿ.

ತಮ್ಮನಿಗೆ ಸುಳ್ಳು ಧೈರ್ಯ ಹೇಳಲಾರೆ. ಮುಂದಿನ ಎರಡು ಮೂರು ವರ್ಷ ಇಂಥ ತಡೆ ಮತ್ತೆ ಬರಬಹುದು. ಅವನ ಕಾರ್ಖಾನೆ ಫೆರೈಟ್ ಮೋಟಾರಿನ ಪರೀಕ್ಷಾ ಲೈನ್ ಹಾಕುತ್ತಿದ್ದರೆ ಅಲ್ಲಿಗೆ ತನ್ನನ್ನು ಹಾಕಿ ಎಂದು ಸೂಪರ್‌ವೈಸರನ್ನು ಈಗಲೇ ಕೇಳಿಕೊಳ್ಳಲಿ. ಮೋಟಾರಿನ ತಿರುಗುವ ಭಾಗವಾದ ರೋಟರ್‌ಗೆ ಮ್ಯಾಗ್ನೆಟ್ ಕೂರಿಸುವ ಕೆಲಸಕ್ಕಿಂತ, ನಿಂತ ಭಾಗವಾದ ಸ್ಟೇಟರ್‌ಗೆ ತಂತಿ ಸುತ್ತುವ, ಪರೀಕ್ಷಿಸುವ ಕೆಲಸ ಕಲಿತರೆ ಮೋಟಾರ್ ಯಾವ ಬಗೆಯದಾದರೂ ಆ ಕೈಗೆ ಕೆಲಸವಿರುತ್ತದೆ. ಆ ಹನ್ನೆರಡು ದಿನಕ್ಕೆ ಕಾಂಟ್ರಾಕ್ಟ್ ಹುಡುಗರಿಗೆ ಸಂಬಳ ಕೊಡದಿದ್ದದ್ದು ಚೀನಾ ಮಾಡಿದ್ದಲ್ಲ. ಅವರ ಕಾಂಟ್ರಾಕ್ಟಿನಲ್ಲಿ ಲೇ-ಆಫ್ ಬಗ್ಗೆ ಏನಿದೆ ಎಂದು ಕಾರ್ಮಿಕ ಇಲಾಖೆಯ ಹೊಸೂರು ಕಚೇರಿಯಲ್ಲಿ ವಿಚಾರಿಸಲಿ, ಒಬ್ಬನೇ ಹೋಗದೆ ನಾಲ್ಕು ಜನ ಸೇರಿ ಹೋಗಲಿ.